ಚಕ್ಕುಲಿ ಡಬ್ಬದಿಂದ ಬಂದ ಮಾತು

ದನಿ ಹೋದ ಮೇಲೂ ಗೆಳೆಯರ ಜೊತೆ ಮಾತು ಬಿಡದ ಮನುಷ್ಯ ಅರಕಲಗೂಡಿನ ಗೌರೀಶಂಕರ. ಅದಕ್ಕೇ ಅವರ ವಿಷಯ ಬರೆಯುತ್ತಿದ್ದೇನೆ.

ಅವರು ಮೋಟಾರ್ ವೈಂಡಿಂಗ್ ಕೆಲಸದವರು, ಸ್ವಂತ ರೇಡಿಯೋದಿಂದ ದೂರದೂರದವರ ಜೊತೆ ಮಾತಾಡುವ, ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ದಿನಾ ಬೆಳಿಗ್ಗೆ ಏಳಕ್ಕೆ ಹೊಳೆನರಸೀಪುರದ ಗೆಳೆಯ ಪುಟ್ಟರಾಜು ರೇಡಿಯೋದಲ್ಲಿ ಹವ್ಯಾಸಿಗಳನ್ನು ಒಬ್ಬೊಬ್ಬರನ್ನೇ ಕೂಗಿ ಹಾಜರಿ ಹಾಕುತ್ತಾರೆ. ಗಂಟಲಿನ ಆಪರೇಷನ್ ಆಗಿ ಗೌರೀಶಂಕರರ ದನಿ ಹೋದ ಮೇಲೂ ಅವರ ಹೆಸರು ಕೂಗುವುದನ್ನು ಪುಟ್ಟರಾಜು ನಿಲ್ಲಿಸಲಿಲ್ಲ. ಇವರು ಕೇಳಿಸಿಕೊಂಡು ಸುಮ್ಮನೆ ಕೂರುತ್ತಿದ್ದರು.

ಎಂಟು ತಿಂಗಳಾದ ಮೇಲೆ ಒಂದು ಪುಟ್ಟ ಕಂಟ್ರೋಲರ್ ಬೋರ್ಡ್ ತರಿಸಿದರು. ಕೀಬೋರ್ಡಿನಲ್ಲಿ ಒತ್ತಿದ ಅಕ್ಷರವನ್ನು ಅದು ಸದ್ದಾಗಿ ಮಾಡಿ ರೇಡಿಯೋಗೆ ಕೊಡುತ್ತದೆ. ಆ ಕಡೆಯ ಕಂಪ್ಯೂಟರ್ ಸದ್ದನ್ನು ಮತ್ತೆ ಅಕ್ಷರ ಮಾಡುತ್ತದೆ. ಆದರೆ ಕಳಿಸಲು ಶುರು ಮಾಡಿದೊಡನೆ ರೇಡಿಯೋ ಅಲೆ ತಾಗಿ ಬೋರ್ಡೇ ನಿಂತುಹೋಗುತ್ತಿತ್ತು. ಅದಕ್ಕೆ ತಗಡಿನ ಮರೆ ಬೇಕಿತ್ತು. ಅಡುಗೆಮನೆಯ ಡಬ್ಬಕ್ಕೆ ಕೈ ಹಾಕಿದರು.

“ಅಂಗಡಿ ತಗಡೆಲ್ಲ ಬುಟ್ಟು ನನ್ ಚಕ್ಲಿ ಡಬ್ಬನೇ ಬೇಕಾಯ್ತಾ ನಿಮ್ಗೆ?” ಎಂದು ಹೆಂಡತಿ ದಾಕ್ಷಾಯಣಮ್ಮ ಗದರಿದರು. ಆಮೇಲೆ ತಾವೇ ಚಕ್ಕುಲಿ ಸುರಿದು, ಡಬ್ಬ ಒರೆಸಿ ಕೊಟ್ಟರು. ಡಬ್ಬದೊಳಗೆ ಕೂರಿಸಿದ ಮೇಲೆ ಬೋರ್ಡ್ ನಿಲ್ಲಲಿಲ್ಲ.

ರೇಡಿಯೋಗೆ ಕಂಪ್ಯೂಟರ್ ಜೋಡಿಸಿಡಲು ಪುಟ್ಟರಾಜುಗೆ ಫೋನಿನಲ್ಲಿ ಮೆಸೇಜ್ ಹೋಯಿತು. ಮಾರನೆಯ ಬೆಳಿಗ್ಗೆ ಹೆಸರು ಕೂಗಿದಾಗ ಗೌರೀಶಂಕರ ‘ಇದ್ದೀನಿ’ ಎಂದು ಒತ್ತಿದರು.

“ಬಂತು ಕಣ್ಲಾ ಗೌರಿ!” ಪುಟ್ಟರಾಜು ರೇಡಿಯೋದಲ್ಲೇ ಕೂಗಿದರು. “ಎಂಟು ತಿಂಗ್ಳಿಂದ ಕೂಗ್ತಾ ಇವ್ನಿ, ಈಗ ಓ ಅಂತೀಯಲ್ಲಾ!”

ಬಸ್ ಸ್ಟ್ಯಾಂಡ್ ಹಿಂದಿನ ಅವರ ಅಂಗಡಿಗೆ ಹೋಗಿ ಭೇಟಿ ಮಾಡಿ. ಅವರು ಉತ್ತರ ಬರೆದು ಕೊಡುತ್ತಾರೆ. ಬರೆದು ಮುಗಿಸುವವರೆಗೆ ದಯವಿಟ್ಟು ಕಾಯಿರಿ.