ಕಿವಿ ಮುಟ್ಟಿದ ಕೈ

ಹುನಗುಂದದಲ್ಲಿ ನಮಗೆ ಕಲಿಸಿದ ಪ್ರಹ್ಲಾದ ಮಾಸ್ತರರಿಗೆ ಡಾಕ್ಟರಾಗುವ ಹಟ. 1956ರ ಮೇ ತಿಂಗಳಲ್ಲಿ ವೈದ್ಯಕೀಯ ಕಾಲೇಜಿನ ಅರ್ಜಿ ತರಿಸಿದರೆ, ಮೂವತ್ತು ದಾಟಿದವರಿಗೆ ಪ್ರವೇಶವಿಲ್ಲ ಎಂದಿತ್ತು. ಅವರಿಗೆ ಆಗ ಇಪ್ಪತ್ತೊಂಬತ್ತು. ಶಾಲೆಯ ದಾಖಲೆಯಲ್ಲಿ ಮಾತ್ರ ಮೂವತ್ತೊಂದು.

ತಾಯಿ ಭಾಗೀರಥೀಬಾಯಿ ಒಪ್ಪಿಕೊಂಡರು: "ನಾಕು ವರ್ಷಕ್ಕೇ ತಲಿ ಮ್ಯಾಲಿಂದ ಕೈ ಹಾಕಿ ಆಚಿ ಕಿವಿ ಮುಟ್ಟಿದಿ. ಸಾಲ್ಯಾಗ ಆರು ಅಂತ ಬರಕೊಂಡ್ರು. ನಾನೂ ಸುಮ್ಮನಾದೆ."

ಮಾಸ್ತರರಿಗೆ ಸಿಟ್ಟು ಬಂತು. ಆದರೆ ಯಾರ ಮೇಲೆ? ಒಂಬತ್ತು ವರ್ಷ ಅವರೂ ಕಿವಿ ಮುಟ್ಟಿಸಿಯೇ ನಮ್ಮೆಲ್ಲರ ವಯಸ್ಸು ಬರೆದಿದ್ದರು. ಅರ್ಜಿ ಮಡಚಿಟ್ಟರು.

ಜೂನಿನಲ್ಲಿ, ಶಾಲೆಗೆ ಹಚ್ಚಲು ಬಂದ ತಾಯಿಯೊಬ್ಬಳು ಮಗಳ ಪುಟ್ಟ ಕೈಯನ್ನು ಕಿವಿಯತ್ತ ಜಗ್ಗತೊಡಗಿದಳು.

"ಕೈ ಬಿಡವಾ ತಾಯಿ," ಎಂದರು ಮಾಸ್ತರರು. "ಮುಂದಿನ ವರ್ಷ ಕರಕೊಂಡು ಬಾ. ಈ ಒಂದು ವರ್ಷ ಆಕೀಗೆ ಮುಂದ ಬೇಕಾದೀತು."