ಬಿಸಿಲಮ್ಮನ ಒದ್ದೆ ತೊಟ್ಟಿ

ನನ್ನ ಸೋದರತ್ತೆಯನ್ನು ಕಚೇರಿಯಲ್ಲಿ ಎಲ್ಲರೂ ಬಿಸಿಲಮ್ಮ ಎಂದು ಕರೆಯುತ್ತಾರೆ. ಅವರು ಹಳೆಯ ಕಡತಗಳ ಕೋಣೆ ನೋಡಿಕೊಳ್ಳುವವರು. ಕಾಗದಕ್ಕೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಇಪ್ಪತ್ತೊಂಬತ್ತು ವರ್ಷಗಳಿಂದ ಅತ್ತೆ ತೇವದ ಬೆನ್ನು ಹತ್ತಿದ್ದಾರೆ. ಪ್ರತಿ ಸೋಮವಾರ ಬೀರುಗಳನ್ನು ಒರೆಸಿ, ತೇವ ಹೀರುವ ಹರಳುಗಳ ಬಿಳಿ ಪೊಟ್ಟಣಗಳನ್ನು ಬದಲಾಯಿಸುತ್ತಾರೆ. ನಾನೂ ಇರುವ ಅವರ ಮನೆಯಲ್ಲೂ ಹೊಲಿಗೆ ಪೆಟ್ಟಿಗೆ, ಬೂಟು, ಔಷಧಿ ಡಬ್ಬ, ಎಲ್ಲಿ ಕೈ ಹಾಕಿದರೂ ಒಂದು ಪೊಟ್ಟಣ ಸಿಗುತ್ತದೆ. "ಬಿಸಿಲಮ್ಮ, ಮೋಡಕ್ಕೂ ಒಂದು ಪೊಟ್ಟಣ ಸಿಕ್ಕಿಸಿಬಿಡಿ, ಛತ್ರಿ ತರೋದು ತಪ್ಪುತ್ತೆ" ಎಂದು ಕಚೇರಿಯ ಜವಾನರು ಒಮ್ಮೆ ಅಂದಿದ್ದರಂತೆ.

ಇಂಥವರ ಮನೆಗೆ ಸನ್ಯಾಸಿ ಏಡಿಗಳು ಬಂದವು.

ಏಡಿಗಳು ಅತ್ತೆಯ ಮೊಮ್ಮಗಳವು. ಅವಳ ಅಮ್ಮನಿಗೆ ಬೇರೆ ಊರಿನಲ್ಲಿ ಎರಡು ತಿಂಗಳ ತರಬೇತಿ ಇತ್ತು, ಅವಳೂ ಜೊತೆಗೆ ಹೊರಟಳು. ಹೋಗುವಾಗ ಗಾಜಿನ ತೊಟ್ಟಿಯನ್ನು ನಮ್ಮ ಮೇಜಿನ ಮೇಲಿಟ್ಟಳು. ಒಳಗೆ ಗೇಣು ಆಳದ ಮರಳು, ಒಂದು ಮರದ ತುಂಡು, ನೀರಿನ ಬಟ್ಟಲು, ಗಾಳಿಯ ತೇವ ಅಳೆಯುವ ಸಣ್ಣ ಮೀಟರ್, ಬೆನ್ನ ಮೇಲೆ ಶಂಖ ಹೊತ್ತ ಮೂರು ಏಡಿಗಳು. ದೊಡ್ಡದರ ಹೆಸರು ಯಜಮಾನ.

"ಅಜ್ಜಿ, ಒಳಗೆ ಗಾಳಿ ಯಾವಾಗಲೂ ಒದ್ದೆ ಇರಬೇಕು. ಮೀಟರ್ ಎಂಬತ್ತರ ಹತ್ರ ತೋರಿಸ್ಬೇಕು. ಒಣಗಿದ್ರೆ ಇವಕ್ಕೆ ಉಸಿರಾಡೋಕೆ ಆಗಲ್ಲ."

"ಎಂಬತ್ತಾ? ನಮ್ಮ ಕೋಣೇಲಿ ಅರವತ್ತು ದಾಟಿದ್ರೆ ನಂಗೆ ಊಟ ಸೇರಲ್ಲ ಕಣೆ!"

"ಇದು ಕಡತ ಅಲ್ಲ ಅಜ್ಜಿ. ಆಮೇಲೆ, ಯಜಮಾನ ಮರಳೊಳಗೆ ಹೋದ್ರೆ ಅಗೀಬಾರದು. ಪೊರೆ ಬಿಡೋಕೆ ಹೋಗಿರ್ತಾನೆ. ಮುಟ್ಟಿದ್ರೆ ಸತ್ತೋಗ್ತಾನೆ. ಪ್ರಾಮಿಸ್ ಮಾಡಿ."

ಅತ್ತೆ ಅವಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಮೂರನೆಯ ವಾರ ಯಜಮಾನ ಮರಳೊಳಗೆ ಇಳಿಯಿತು. ಏಳನೆಯ ವಾರ ಮುಗಿದರೂ ಮೇಲೆ ಬರಲಿಲ್ಲ. ಮೊಮ್ಮಗಳು ಬರುವುದಕ್ಕೆ ಆರು ದಿನ ಉಳಿದಿತ್ತು. ಒಳಗಿರುವುದು ಜೀವವೋ ಬರೀ ಶಂಖವೋ ತಿಳಿಯದೆ ಅತ್ತೆ ಚಡಪಡಿಸತೊಡಗಿದರು.

ಮೀಟರ್ ಎಂಬತ್ನಾಲ್ಕು ತೋರಿಸುತ್ತಿತ್ತು. ಅದರ ಪ್ರಕಾರ ಎಲ್ಲ ಸರಿ. ಆದರೆ ಉಳಿದೆರಡು ಏಡಿಗಳು ಇಡೀ ದಿನ ನೀರಿನ ಬಟ್ಟಲಲ್ಲೇ ಮುದುರಿಕೊಂಡಿರುತ್ತಿದ್ದವು. ಅನುಮಾನ ಬಂದು ಅತ್ತೆ ಮೇಲಧಿಕಾರಿಯನ್ನು ಕೇಳಿ, ಕಚೇರಿಯ ಹಳೆಯ ಮುಳ್ಳಿನ ಮೀಟರನ್ನು ಮನೆಗೆ ತಂದರು. ಅದು ಐವತ್ತೆಂಟು ತೋರಿಸಿತು.

"ಒಂದೇ ತೊಟ್ಟಿ, ಒಂದೇ ಗಾಳಿ. ಒಬ್ಬ ಮುಳುಗ್ತಿದೀನಿ ಅಂತಾನೆ, ಒಬ್ಬ ಬಾಯಾರಿಕೆ ಅಂತಾನೆ. ನಾನು ಯಾರನ್ನ ನಂಬ್ಲಿ?" ಎಂದು ಅತ್ತೆ ತೊಟ್ಟಿಯ ಮುಂದೆಯೇ ಕುಳಿತುಬಿಟ್ಟರು. ನೀರು ಚಿಮುಕಿಸುವ ಬಾಟಲಿಯನ್ನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

ಅಲಂಕಾರ ಮೀನಿನ ಅಂಗಡಿಯವರು ಒಂದು ಉಪಾಯ ಹೇಳಿದರು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬೆರೆಸಿ, ಎರಡೂ ಮೀಟರುಗಳ ಜೊತೆ ಬಿಗಿ ಡಬ್ಬದಲ್ಲಿಟ್ಟು ಮುಚ್ಚಬೇಕು. ಒಂದು ದಿನ ಬಿಟ್ಟು ನೋಡಿದರೆ ಸರಿಯಾದ ಮೀಟರ್ ಎಪ್ಪತ್ತೈದು ತೋರಿಸುತ್ತದೆ. ನಾವು ಹಾಗೆಯೇ ಮಾಡಿದೆವು. ಸಣ್ಣ ಮೀಟರ್ ತೊಂಬತ್ತೊಂದು ತೋರಿಸಿತು, ಕಚೇರಿಯದು ಅರವತ್ತಾರು.

"ಹೋಯ್ತಲ್ಲೇ! ಇಬ್ರೂ ಸುಳ್ಳುಬುರುಕರೇ."

ನಾನು ಹಾಳೆಯ ಮೇಲೆ ಬರೆದು ನೋಡಿದೆ. ಸಣ್ಣದು ಹದಿನಾರು ಹೆಚ್ಚು ಹೇಳುತ್ತದೆ, ಕಚೇರಿಯದು ಒಂಬತ್ತು ಕಡಿಮೆ. ಎಂಬತ್ನಾಲ್ಕರಲ್ಲಿ ಹದಿನಾರು ಕಳೆದರೆ ಅರವತ್ತೆಂಟು. ಐವತ್ತೆಂಟಕ್ಕೆ ಒಂಬತ್ತು ಕೂಡಿದರೆ ಅರವತ್ತೇಳು. ಮೂರು ಸಲ ಲೆಕ್ಕ ಮಾಡಿದ ಮೇಲೆಯೇ ಅತ್ತೆಗೆ ತೋರಿಸಿದೆ.

"ಅಂದ್ರೆ ತೊಟ್ಟಿ ಒಣಗಿದೆ. ದಿನಾ ಎರಡು ಹೊತ್ತು ನೀರು ಚಿಮುಕಿಸ್ತೀನಿ. ಮುಚ್ಚಳಾನೂ ಬಿಗಿಯಾಗಿದೆ. ಆ ನೀರೆಲ್ಲ ಎಲ್ಲಿಗೆ ಹೋಗ್ತಿದೆಯೇ?"

ಒಳಗೆ ಎಲ್ಲಾದರೂ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡುವಾಗ, ಮರದ ತುಂಡಿನ ಹಿಂದೆ ಬೆಳ್ಳಗೆ ಏನೋ ಕಂಡಿತು. ಬೆರಳು ತೂರಿಸಿ ಎಳೆದೆ. ಊದಿಕೊಂಡ ನಾಲ್ಕು ಪೊಟ್ಟಣಗಳು.

"ಯಾರೇ ಇದನ್ನ ಇಲ್ಲಿಟ್ಟೋರು? ಬುದ್ಧಿ ನೆಟ್ಟಗಿದೆಯಾ?" ಅತ್ತೆ ನನ್ನ ಮೇಲೆ ರೇಗಿದರು. ಆಮೇಲೆ ಒಂದು ಪೊಟ್ಟಣವನ್ನು ತಿರುಗಿಸಿದರು. ಅದರ ಮೇಲೆ ನೀಲಿ ಪೆನ್ನಿನಲ್ಲಿ ತಾರೀಕು ಇತ್ತು. ನಾಲ್ಕರ ಮೇಲೂ ಇತ್ತು. ನಾಲ್ಕೂ ಸೋಮವಾರಗಳು. ಅಕ್ಷರ ಅತ್ತೆಯದೇ.

ಸೋಮವಾರ ಸಂಜೆ ಅತ್ತೆ ತೊಟ್ಟಿಯ ಮುಚ್ಚಳ ಒರೆಸುತ್ತಿದ್ದುದನ್ನು ನಾನು ನೋಡಿದ್ದೇನೆ. ಪೊಟ್ಟಣ ಇಟ್ಟದ್ದನ್ನು ನೋಡಿಲ್ಲ. ಅವರಿಗೂ ನೆನಪಿಲ್ಲ. ಒರೆಸಿದ ಕೈ ತಾನಾಗಿಯೇ ಸೀರೆಯ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಪೊಟ್ಟಣವನ್ನು ತೆಗೆದು ತೊಟ್ಟಿಯೊಳಗೆ ಇಟ್ಟಿರಬೇಕು.

"ನನ್ನ ಕೈಯೇ ನಂಗೆ ಹೇಳದೆ ಮಾಡಿದೆ ನೋಡೇ" ಎಂದರು. ಆಮೇಲೆ ಮರಳಿನ ಕಡೆ ತಿರುಗಿ, "ನಾನೇ ಕೊಂದುಬಿಟ್ನಾ?" ಎಂದರು.

ಅಡುಗೆಮನೆಯಿಂದ ಚಮಚ ತಂದು ಮರಳಿನ ಮೇಲೆ ಹಿಡಿದರು. ಅಗೆದರೆ ಗೊತ್ತಾಗಿಬಿಡುತ್ತದೆ. ಆದರೆ ಬದುಕಿದ್ದರೆ, ಗೊತ್ತು ಮಾಡಿಕೊಳ್ಳುವುದರಿಂದಲೇ ಸಾಯುತ್ತದೆ. ಕೊನೆಗೆ ಅತ್ತೆ ಚಮಚವನ್ನು ನನ್ನ ಕೈಗೆ ತುರುಕಿದರು. "ತಗೊಂಡು ಹೋಗು. ಎಲ್ಲಿಟ್ಟೆ ಅಂತ ನಂಗೆ ಹೇಳಬೇಡ."

ಪೊಟ್ಟಣಗಳಿಲ್ಲದ ತೊಟ್ಟಿಯಲ್ಲಿ ಕಚೇರಿಯ ಮುಳ್ಳು ಮೂರೇ ದಿನಕ್ಕೆ ಎಪ್ಪತ್ತಕ್ಕೆ ಬಂತು. ಒಂಬತ್ತು ಕೂಡಿದರೆ ಎಪ್ಪತ್ತೊಂಬತ್ತು. ಸಣ್ಣ ಏಡಿಗಳು ಬಟ್ಟಲು ಬಿಟ್ಟು ಮರದ ತುಂಡು ಹತ್ತಿದವು. ಯಜಮಾನನ ಸುಳಿವಿಲ್ಲ.

ಮೊಮ್ಮಗಳು ಬಂದವಳೇ ಬೂಟು ಕಳಚದೆ ತೊಟ್ಟಿಯ ಹತ್ತಿರ ಓಡಿದಳು. ಅತ್ತೆ ನಾಲ್ಕೂ ಪೊಟ್ಟಣಗಳನ್ನು ಅವಳ ಮುಂದೆ ಸಾಲಾಗಿಟ್ಟರು, ತಾರೀಕು ಕಾಣುವ ಹಾಗೆ. ಆದದ್ದನ್ನೆಲ್ಲ ಹೇಳಿದರು. ಹುಡುಗಿ ಕೇಳಿದ್ದು ಒಂದೇ ಮಾತು. "ಅಗೆದ್ರಾ?"

"ಇಲ್ಲಮ್ಮ."

ಅವಳು ಮುಚ್ಚಳ ಸರಿಸಿ ಮೂಗಿಟ್ಟಳು. "ಸತ್ತಿದ್ರೆ ಕೊಳೆತ ಮೀನಿನ ವಾಸನೆ ಬರುತ್ತೆ. ಬರ್ತಿಲ್ಲ. ಅಂದ್ರೆ ಇದ್ದಾನೆ."

"ಅಥವಾ ನಮಗೆ ನೆಗಡಿ ಆಗಿದೆ" ಎಂದರು ಅತ್ತೆ. ಅವರು ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ನನಗೆ ಗೊತ್ತಾಗಲಿಲ್ಲ. ಮೊಮ್ಮಗಳು ಮಾತ್ರ ನಕ್ಕು, "ಅವನು ಏಳೋವರೆಗೂ ತೊಟ್ಟಿ ಇಲ್ಲೇ ಇರ್ಲಿ ಅಜ್ಜಿ. ಅಲ್ಲಾಡಿಸಬಾರದು. ನೀವೇ ನೋಡ್ಕೊಳ್ಳಿ" ಎಂದಳು.

ಹನ್ನೊಂದು ದಿನಗಳ ಮೇಲೆ ಮರಳು ಒಂದು ಕಡೆ ಕುಸಿದು, ತೆಳುಗೆಂಪು ಕಾಲೊಂದು ಹೊರಬಂತು. ಅತ್ತೆ ಏಡಿಗಳನ್ನು ಮೂರು ಸಲ ಎಣಿಸಿದರು. "ನಾನು ಕಾಪಾಡ್ದೆ ಅಂತ ಎಲ್ಲೂ ಹೇಳಬೇಡ" ಎಂದು ನನಗೆ ಹೇಳಿದರು. "ನನ್ನ ಕೈಗೆ ಸಿಕ್ಕಿದ್ರೂ ಅದು ಬದುಕ್ತು."

ಮೊಮ್ಮಗಳು ತೊಟ್ಟಿಯನ್ನು ನಮ್ಮಲ್ಲೇ ಬಿಟ್ಟಿದ್ದಾಳೆ. ಈಗಲೂ ಸೋಮವಾರ ಮುಚ್ಚಳ ಒರೆಸುವವರು ಅತ್ತೆಯೇ. ಒರೆಸುವ ಮೊದಲು ಸೆರಗು ಕೊಡವಿ, ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಾರೆ. ಖಾಲಿ ಇವೆ ಎಂದು ನಾನು ಹೇಳಿದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕುತ್ತಾರೆ.