ನರಸಮ್ಮನ ಕನಕಾಂಬರ ಸೀರೆ

ರಾಜಾಜಿನಗರದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಕ್ಕಳ ವಾರ್ಡಿನ ಕಿಟಕಿಗಳಾಚೆ ಹಾಲಿನಂಥ ಮಂಜು ನಿಂತಿದೆ. ಆಯಾ ನರಸಮ್ಮ ಮಂಚದಿಂದ ಮಂಚಕ್ಕೆ ಮೆಲ್ಲಗೆ ನಡೆಯುತ್ತ, ನಿದ್ದೆಯಲ್ಲಿ ಕಣ್ಣಿನ ಪಟ್ಟಿಯತ್ತ ಹೋಗುವ ಪುಟ್ಟ ಕೈಗಳನ್ನು ಹಿಡಿದು ಹೊದಿಕೆಯೊಳಗೆ ಸೇರಿಸುತ್ತಾರೆ. ಆಪರೇಷನ್ ಆದ ಕಣ್ಣನ್ನು ಒಮ್ಮೆ ಜೋರಾಗಿ ಉಜ್ಜಿಕೊಂಡರೂ ಮಾಡಿದ್ದೆಲ್ಲ ನೀರುಪಾಲು.

ಹೆಗ್ಗನಹಳ್ಳಿಯ ಏಳು ವರ್ಷದ ಕೀರ್ತನಾಗೆ ಎಚ್ಚರವಾಗಿದೆ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಅವಳಿಗೆ ಏನೂ ಕಾಣದಂತಾಗಿತ್ತು. ಬಲಗಣ್ಣಿಗೆ ನಿನ್ನೆ ಆಪರೇಷನ್ ಆಗಿದೆ. ಎಷ್ಟು ಕಾಣುತ್ತದೋ ಡಾಕ್ಟರೂ ಖಚಿತವಾಗಿ ಹೇಳಿಲ್ಲ. ಇವತ್ತು ಪಟ್ಟಿ ಬಿಚ್ಚುತ್ತಾರೆ.

"ಅಜ್ಜಿ, ಇವತ್ತು ಯಾವ ಸೀರೆ ಉಟ್ಕೊಂಡಿದೀರಾ?"

"ಕನಕಾಂಬರದ ಬಣ್ಣದ್ದು ಕಣವ್ವ. ಜರಿ ಅಂಚು. ಮದುವೆಗೆ ಹೊರಟೋಳ ಥರ ಇದೀನಿ."

ಕೀರ್ತನಾ ಆ ಸೀರೆಯನ್ನು ಮನಸ್ಸಿನಲ್ಲೇ ಹರಡಿಕೊಂಡು ಮಲಗುತ್ತಾಳೆ. ಪಾಪ, ಶುದ್ಧ ಸುಳ್ಳು. ನರಸಮ್ಮ ಉಟ್ಟಿರುವುದು ಆಯಾಗಳ ಯೂನಿಫಾರ್ಮ್, ಒಗೆದು ಒಗೆದು ಮಾಸಿದ ನೀಲಿ ಸೀರೆ. ಕುರುಬರಹಳ್ಳಿಯ ಅವರ ಒಂಟಿ ಕೋಣೆಯ ಮನೆಯಲ್ಲೂ ಕನಕಾಂಬರ ಬಣ್ಣದ್ದು ಒಂದೂ ಇಲ್ಲ. ಗಂಡ ತೀರಿಕೊಂಡ ಮೇಲೆ ಗುತ್ತಿಗೆ ಕೆಲಸಕ್ಕೆ ಸೇರಿದವರು, ಇಪ್ಪತ್ತು ವರ್ಷದಿಂದ ದಿನಕ್ಕೆ ಎಂಟು ಹತ್ತು ಮಕ್ಕಳಿಗೆ ಹೀಗೆ ಬಾಯಲ್ಲೇ ಸೀರೆ ಉಟ್ಟು ತೋರಿಸುತ್ತಾರೆ. ಯಾಕೆಂದು ಕೇಳಿದ ನನಗೆ ಅವರು ಹೇಳಿದ್ದು: "ಕತ್ತಲಲ್ಲಿ ಮಲಗಿರೋ ಮಕ್ಳು ಸಾರ್. ನೆನೆಸ್ಕೊಳ್ಳೋಕೆ ಒಂದು ಬಣ್ಣ ಬೇಡ್ವಾ?"

ಎಲ್ಲ ಮಕ್ಕಳಿಗೂ ಬಣ್ಣ ಮರಳಿ ಸಿಗುವುದಿಲ್ಲ. ಪಟಾಕಿ ಮುಖಕ್ಕೇ ಸಿಡಿದು ಬಂದಿದ್ದ ಸೀನ ಎಂಬ ಹುಡುಗ, ಪಟ್ಟಿ ಬಿಚ್ಚಿದ ಮೇಲೂ ಕತ್ತು ಆಚೀಚೆ ತಿರುಗಿಸುತ್ತ, "ಕೆಂಪು ಸೀರೆನೇ ತಾನೆ ಅಜ್ಜಿ?" ಎಂದು ಕೇಳಿದ್ದ.

"ಹೌದಪ್ಪ ಅಂದೆ. ಆ ಒಂದು ಸುಳ್ಳು ಇನ್ನೂ ಗಂಟಲಲ್ಲೇ ಇದೆ," ಎನ್ನುತ್ತಾರೆ ನರಸಮ್ಮ.

ಡಾಕ್ಟರ್ ಬರುತ್ತಾರೆ. ತಾಯಿ ಲತಾ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಾರೆ. ಪಟ್ಟಿ ಬಿಚ್ಚಿದಾಗ ಕೀರ್ತನಾ ರೆಪ್ಪೆ ಬಡಿಯುತ್ತಾಳೆ, ನೀರು ತುಂಬಿದ ಕಣ್ಣನ್ನು ಕಿರಿದು ಮಾಡಿ ನರಸಮ್ಮನನ್ನೇ ನೋಡುತ್ತಾಳೆ. ಆಮೇಲೆ ಮುಖ ಊದಿಸಿಕೊಳ್ಳುತ್ತಾಳೆ.

"ಸುಳ್ಳು ಹೇಳಿದ್ರಿ ಅಜ್ಜಿ. ಇದು ನೀಲಿ."

ಲತಾ ಅಳುತ್ತಲೇ ನಗುತ್ತಾರೆ. ನರಸಮ್ಮ ಅದೇ ನೀಲಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಿನ ಮಂಚದತ್ತ ಹೊರಡುತ್ತಾರೆ.

"ಇಲ್ಲಿಂದ ಹೋಗೋ ಒಂದೊಂದು ಮಗೂನೂ ನನ್ನನ್ನ ಸುಳ್ಳುಬುರುಕಿ ಅನ್ಬೇಕು ಸಾರ್. ಇನ್ನೇನೂ ಬೇಡ."